ಒಂದು ಕೆಲಸ, ಒಂದು ಹೆಸರು

ಭಿನ್ನರಾಶಿಗಳನ್ನು ಕೂಡಿಸುವ ಕ್ರಮವನ್ನು ಗಣಿತದ ಪುಸ್ತಕಗಳು ಮೂರು ನಾಲ್ಕು ಸಾಲುಗಳಲ್ಲಿ ಹೇಳಿ ಮುಗಿಸುತ್ತವೆ. ಮೊದಲು ಛೇದಗಳ ಲ.ಸಾ.ಅ. ಕಂಡುಕೊಳ್ಳಬೇಕು, ಅಂಶಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು, ಅನಂತರ ಅವುಗಳನ್ನು ಕೂಡಿಸಬೇಕು, ಬಂದ ಉತ್ತರವನ್ನು ಸಂಕ್ಷೇಪಿಸಬೇಕು. ಲ.ಸಾ.ಅ. ಕಂಡುಹಿಡಿಯುವುದೇನೂ ಒಂದೇ ಹೆಜ್ಜೆಯ ಕೆಲಸವಲ್ಲ. ಸಂಖ್ಯೆಗಳನ್ನು ಬರೆದು, ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ, ಭಾಜಕಗಳನ್ನೆಲ್ಲ ಗುಣಿಸಬೇಕು. ಆದರೂ ಭಿನ್ನರಾಶಿಯ ಪಾಠದಲ್ಲಿ ಆ ವಿವರಗಳನ್ನು ಮತ್ತೊಮ್ಮೆ ಬರೆಯುವ ಅಗತ್ಯ ಬೀಳುವುದಿಲ್ಲ. ಹಿಂದಿನ ಪಾಠದಲ್ಲಿ ಕಲಿತ ಆ ಕ್ರಮಕ್ಕೆ ಒಂದು ಹೆಸರಿದೆ. ಹೆಸರು ಹೇಳಿದರೆ ಸಾಕು, ಕ್ರಮವೆಲ್ಲವೂ ಮನಸ್ಸಿಗೆ ಬರುತ್ತದೆ. ಆ ಹೆಸರು ಇಲ್ಲದೆ, ಪ್ರತಿಯೊಂದು ಲೆಕ್ಕದ ನಡುವೆಯೂ ಲ.ಸಾ.ಅ. ತೆಗೆಯುವ ವಿಧಾನವನ್ನು ಆದ್ಯಂತವಾಗಿ ಬರೆಯಬೇಕಾಗಿದ್ದರೆ, ವಿದ್ಯಾರ್ಥಿಯು ಕೂಡಿಸುತ್ತಿರುವುದು ಯಾವುದನ್ನು ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು.

ಕಂಪ್ಯೂಟರಿಗೆ ಆದೇಶಗಳನ್ನು ಬರೆಯುವವರು ಈ ಸತ್ಯವನ್ನು ಬಹು ಬೇಗನೆ ಕಂಡುಕೊಂಡರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ಎಡ್‌ಸ್ಯಾಕ್ ಎಂಬ ಯಂತ್ರವು 1949ರ ಮೇ 6ರಂದು ತನ್ನ ಮೊದಲ ಪ್ರೋಗ್ರಾಂ ಅನ್ನು ನಡೆಸಿತು. ಪ್ರೋಗ್ರಾಂಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದ ಕಾಲವದು. ಯಂತ್ರವು ಕೆಲಸವನ್ನಾರಂಭಿಸಿದ ಕೆಲವೇ ದಿನಗಳಲ್ಲಿ, ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಾಗ, ತಮ್ಮ ಉಳಿದ ಆಯುಷ್ಯದ ದೊಡ್ಡ ಭಾಗವು ತಮ್ಮ ಪ್ರೋಗ್ರಾಂಗಳಲ್ಲಿನ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆದುಹೋಗಲಿದೆ ಎಂಬ ಅರಿವು ತಮಗುಂಟಾಯಿತೆಂದು ವಿಲ್ಕ್ಸ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಶಿಷ್ಯ ಡೇವಿಡ್ ವೀಲರ್ ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಮತ್ತೆ ಮತ್ತೆ ಬೇಕಾಗುವ ಕೆಲಸವನ್ನು ಒಮ್ಮೆ ಬರೆದು, ಚೆನ್ನಾಗಿ ಪರೀಕ್ಷಿಸಿ, ಪ್ರತ್ಯೇಕವಾಗಿಡುವುದು. ಬೇಕಾದಾಗ ಅದನ್ನು ಕರೆಯುವುದು. ಕೆಲಸ ಮುಗಿದೊಡನೆ ಕರೆದ ಸ್ಥಳಕ್ಕೇ ಮರಳುವುದು. ಇಂಥ ತುಣುಕುಗಳಿಗೆ ಸಬ್‌ರೂಟೀನ್ ಎಂಬ ಹೆಸರಾಯಿತು. 1951ರ ವೇಳೆಗೆ ಕೇಂಬ್ರಿಜ್ಜಿನ ಸಂಗ್ರಹದಲ್ಲಿ ಇಂತಹ 87 ತುಣುಕುಗಳು ಸರ್ವರ ಉಪಯೋಗಕ್ಕೆ ಸಿದ್ಧವಾಗಿದ್ದವು. ಇಂದಿನ ಪ್ರೋಗ್ರಾಂ ಭಾಷೆಗಳಲ್ಲಿ ಫಂಕ್ಷನ್ ಎಂದೂ ಮೆಥಡ್ ಎಂದೂ ಕರೆಯಲ್ಪಡುವುದು ಇದರ ಸಂತತಿಯೇ ಆಗಿದೆ. ಒಂದು ಹೆಸರು, ಆ ಹೆಸರಿನಡಿಯಲ್ಲಿ ಕೆಲವು ಆದೇಶಗಳು: ಮೆಥಡ್ ಎಂದರೆ ಇಷ್ಟೇ.

ಹೀಗಿದ್ದರೂ, ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಮೇಲೆಯೂ, ನೂರಾರು ಸಾಲುಗಳಷ್ಟು ಉದ್ದವಾದ ಮೆಥಡ್‌ಗಳು ಪ್ರಪಂಚದ ಎಲ್ಲೆಡೆಯೂ ಕಾಣಸಿಗುತ್ತವೆ. ಅವುಗಳನ್ನು ಉದ್ದವಾಗಿಯೇ ಬರೆಯಬೇಕೆಂದು ಯಾರೂ ಸಂಕಲ್ಪಿಸಿರುವುದಿಲ್ಲ. ಅವು ಹೇಗೆ ಬೆಳೆಯುತ್ತವೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು.

ಬಸ್ಸಿನ ಆಸನವನ್ನು ಮುಂಗಡವಾಗಿ ಕಾಯ್ದಿರಿಸುವ ಒಂದು ವೆಬ್ ಅಪ್ಲಿಕೇಷನ್ ಇದೆಯೆಂದು ಭಾವಿಸೋಣ. ಪ್ರಯಾಣಿಕನು ತನ್ನ ಫೋನಿನಲ್ಲಿ ಊರು, ದಿನಾಂಕ, ಆಸನಗಳನ್ನು ಆಯ್ದು ಗುಂಡಿಯನ್ನೊತ್ತಿದೊಡನೆ ಆ ಕೋರಿಕೆಯು ದೂರದ ಸರ್ವರನ್ನು ತಲುಪುತ್ತದೆ. ಅಲ್ಲಿ 'ಕಾಯ್ದಿರಿಸು' ಎಂಬ ಮೆಥಡ್ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತದೆ. ಮೊದಲ ವರ್ಷ ಅದರಲ್ಲಿದ್ದುದು ಇಪ್ಪತ್ತು ಸಾಲು. ಹಿರಿಯ ನಾಗರಿಕರಿಗೆ ರಿಯಾಯಿತಿ ಬಂದಾಗ ಹತ್ತು ಸಾಲು ಸೇರಿತು. ಹಬ್ಬದ ದಿನಗಳ ವಿಶೇಷ ಬಸ್ಸುಗಳಿಗೆ ಹದಿನೈದು ಸಾಲು, ತೆರಿಗೆಗೆ ಎಂಟು ಸಾಲು, ಹಣ ಪಾವತಿಯ ಹೊಸ ಮಾರ್ಗಗಳಿಗೆ ನಲವತ್ತು ಸಾಲು, ಪ್ರಯಾಣಿಕನ ಫೋನಿಗೆ ಸಂದೇಶ ಕಳುಹಿಸಲು ಮತ್ತೆ ಹನ್ನೆರಡು ಸಾಲು. ಪ್ರತಿಯೊಂದು ಸಲವೂ ಕಾಲಾವಕಾಶ ಕಡಿಮೆ. ಇರುವ ಮೆಥಡ್‌ನ ಒಳಗೇ ಒಂದು 'ಹೀಗಾದರೆ' ಸೇರಿಸಿಬಿಡುವುದೇ ಸುಲಭ. ಐದಾರು ವರ್ಷಗಳಲ್ಲಿ ಅದು ಮುನ್ನೂರು ಸಾಲುಗಳನ್ನು ದಾಟುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಗೆ ಪ್ರತಿ ಮದುವೆಗೊಂದು ಕೋಣೆ ಕೂಡಿಸುತ್ತ ಹೋದಂತೆ, ಒಳಹೊಕ್ಕವನಿಗೆ ಹೊರಬರುವ ಬಾಗಿಲೇ ತಿಳಿಯದಂತಾಗುತ್ತದೆ.

ಉದ್ದವಾದರೇನು, ಕೆಲಸ ನಡೆಯುತ್ತಿದೆಯಲ್ಲ ಎಂದು ಕೇಳಬಹುದು. ಕಂಪ್ಯೂಟರಿನ ಮಟ್ಟಿಗೆ ಆ ಮಾತು ನಿಜ. ಅದಕ್ಕೆ ಮುನ್ನೂರು ಸಾಲಾದರೂ ಮೂರು ಸಾವಿರ ಸಾಲಾದರೂ ಆಯಾಸವಿಲ್ಲ. ಆಯಾಸವಿರುವುದು ಓದುವ ಮನುಷ್ಯನಿಗೆ. ಒಂದು ಕಾಲಕ್ಕೆ ಮನುಷ್ಯನ ನೆನಪಿನಲ್ಲಿ ನಿಲ್ಲುವ ಸಂಗತಿಗಳು ಕೆಲವೇ ಕೆಲವು. ಬೆಂಗಳೂರಿನ ತಂತ್ರಾಂಶ ಕಚೇರಿಗಳಿಗೆ ಹೊಸದಾಗಿ ಸೇರುವ ತರುಣ ತರುಣಿಯರಲ್ಲಿ ಅನೇಕರ ದಿನವು ಹೊಸದನ್ನು ಬರೆಯುವುದಕ್ಕಿಂತ ಹೆಚ್ಚಾಗಿ, ಹಿಂದಿನವರು ಬರೆದಿಟ್ಟುಹೋದುದನ್ನು ಓದಿ ತಿದ್ದುವುದರಲ್ಲಿಯೇ ಕಳೆಯುತ್ತದೆ. ಬರೆದವರು ಕಚೇರಿಯನ್ನು ಬಿಟ್ಟುಹೋಗಿರುತ್ತಾರೆ. ಕೇಳಿ ತಿಳಿಯೋಣವೆಂದರೆ ಯಾರೂ ಇರುವುದಿಲ್ಲ.

ಮೇಲಿನ ಉದಾಹರಣೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಬಹುದು. ಟಿಕೆಟ್ಟಿನ ದರ 600 ರೂಪಾಯಿ. ಹಿರಿಯ ನಾಗರಿಕರಿಗೆ ದರದಲ್ಲಿ ಶೇಕಡ 25 ರಿಯಾಯಿತಿ. ಕಾಯ್ದಿರಿಸುವ ಶುಲ್ಕ 20 ರೂಪಾಯಿ. ಇದಕ್ಕೆ ರಿಯಾಯಿತಿ ಇಲ್ಲ. ಎಲ್ಲದರ ಮೇಲೆ ಶೇಕಡ 5 ತೆರಿಗೆ. ಹಾಗಾದರೆ 600ರಲ್ಲಿ 150 ಕಳೆದು 450. ಶುಲ್ಕ ಸೇರಿ 470. ತೆರಿಗೆ ಸೇರಿ 493 ರೂಪಾಯಿ 50 ಪೈಸೆ. ಈ ಲೆಕ್ಕವು ಮುನ್ನೂರು ಸಾಲುಗಳ ನಡುವೆ ಅಲ್ಲಲ್ಲಿ ಹರಿದು ಹಂಚಿಹೋಗಿದೆ. 'ಮೊತ್ತ' ಎಂಬ ಒಂದೇ ಹೆಸರು ಒಂದೆಡೆ ಮೂಲ ದರವನ್ನೂ, ಇನ್ನೊಂದೆಡೆ ರಿಯಾಯಿತಿ ಕಳೆದ ದರವನ್ನೂ, ಮತ್ತೊಂದೆಡೆ ತೆರಿಗೆ ಸೇರಿದ ಒಟ್ಟು ಹಣವನ್ನೂ ಸೂಚಿಸುತ್ತದೆ. ಹಬ್ಬದ ದರವನ್ನು ಬದಲಿಸಲು ಬಂದ ಪ್ರೋಗ್ರಾಮರನು ಶುಲ್ಕ ಕೂಡಿಸುವ ಸಾಲನ್ನು ಅರಿಯದೆ ರಿಯಾಯಿತಿಗಿಂತ ಮೇಲಕ್ಕೆ ಸರಿಸುತ್ತಾನೆ. ಈಗ 620ರ ಮುಕ್ಕಾಲು ಭಾಗ 465. ತೆರಿಗೆ ಸೇರಿ 488 ರೂಪಾಯಿ 25 ಪೈಸೆ. ಒಂದು ಟಿಕೆಟ್ಟಿನಲ್ಲಿ 5 ರೂಪಾಯಿ 25 ಪೈಸೆ ನಷ್ಟ. ದಿನಕ್ಕೆ ಸಾವಿರ ಮಂದಿ ಹಿರಿಯರು ಇಂತಹ ಟಿಕೆಟ್ ಕೊಂಡರೆ 5,250 ರೂಪಾಯಿ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರಿಯಾಯಿತಿ ಇಲ್ಲದ ಟಿಕೆಟ್ಟಿಗೆ ಸಾಲುಗಳು ಹೇಗಿದ್ದರೂ ಉತ್ತರ 651 ರೂಪಾಯಿಯೇ. ಆದುದರಿಂದ ಬದಲಾವಣೆ ಮಾಡಿದವನು ಒಂದು ಸಾಮಾನ್ಯ ಟಿಕೆಟ್ ಕೊಂಡು ನೋಡಿ, ಎಲ್ಲವೂ ಸರಿಯಾಗಿದೆಯೆಂದು ನಿಶ್ಚಿಂತನಾಗುತ್ತಾನೆ. ಹಣ ಕಡಿಮೆ ಕೊಟ್ಟ ಪ್ರಯಾಣಿಕನೂ ದೂರುವುದಿಲ್ಲ. ತಪ್ಪು ವರ್ಷಗಟ್ಟಲೆ ಅಡಗಿ ಕುಳಿತಿರಬಲ್ಲದು.

ಇದಕ್ಕೆ ಪರಿಹಾರವಾಗಿ ಬೆಳೆದುಬಂದ ಶಿಸ್ತಿಗೆ ರಿಫ್ಯಾಕ್ಟರಿಂಗ್ ಎಂದು ಹೆಸರು. 'ಫ್ಯಾಕ್ಟರ್' ಎಂದರೆ ಗಣಿತದ ಅಪವರ್ತನವೇ. 7×13 + 7×17 ಎಂಬುದನ್ನು 7×(13+17) ಎಂದು ಬರೆದರೆ ಬೆಲೆ ಬದಲಾಗುವುದಿಲ್ಲ, ಎರಡೂ 210. ಆದರೆ ಎರಡನೆಯ ರೂಪದಲ್ಲಿ 7 ಒಂದೇ ಕಡೆ ಇದೆ. ಅದನ್ನು 8 ಮಾಡಬೇಕಾದರೆ ಒಂದೇ ಕಡೆ ತಿದ್ದಿದರಾಯಿತು. ಮೊದಲನೆಯ ರೂಪದಲ್ಲಾದರೋ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಭಯವುಂಟು. ಪ್ರೋಗ್ರಾಂ ಮಾಡುವ ಕೆಲಸವನ್ನು ಕಿಂಚಿತ್ತೂ ಬದಲಿಸದೆ ಅದರ ಒಳರಚನೆಯನ್ನು ಮಾತ್ರ ತಿಳಿಯಾಗಿಸುವುದೇ ರಿಫ್ಯಾಕ್ಟರಿಂಗ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ರಾಲ್ಫ್ ಜಾನ್ಸನ್ ಅವರ ಮಾರ್ಗದರ್ಶನದಲ್ಲಿ ವಿಲಿಯಂ ಒಪ್‌ಡೈಕ್ ಎಂಬುವರು 1992ರಲ್ಲಿ ಈ ವಿಷಯವನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಬರೆದರು. 1999ರಲ್ಲಿ ಮಾರ್ಟಿನ್ ಫೌಲರ್ ಅವರ ಗ್ರಂಥವು ಪ್ರಕಟವಾದ ಮೇಲೆ ಇದು ಮನೆಮಾತಾಯಿತು. ಆ ಗ್ರಂಥದ ಮೊದಲ ಮುದ್ರಣದ ಉದಾಹರಣೆಗಳು ಜಾವಾ ಭಾಷೆಯಲ್ಲಿದ್ದವು. 2018ರ ಎರಡನೆಯ ಆವೃತ್ತಿಯಲ್ಲಿ ಅವು ಜಾಲಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಬದಲಾದುವು. ವೆಬ್ ಅಪ್ಲಿಕೇಷನ್ನುಗಳು ಎಷ್ಟು ವ್ಯಾಪಕವಾದುವೆಂಬುದಕ್ಕೆ ಇದೂ ಒಂದು ಸಾಕ್ಷಿ.

ದೀರ್ಘ ಮೆಥಡ್ ಅನ್ನು ಫೌಲರ್ ಅವರ ಗ್ರಂಥವು 'ವಾಸನೆ'ಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಅವರ ಸಹೋದ್ಯೋಗಿಯಾಗಿದ್ದ ಕೆಂಟ್ ಬೆಕ್ ಕೊಟ್ಟ ಹೆಸರಿದು. ಸಾರು ಹಳಸಿದೆಯೆಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಮುಚ್ಚಳ ತೆಗೆದೊಡನೆ ಮೂಗು ಹೇಳುತ್ತದೆ. ಹಾಗೆಯೇ ಉದ್ದವು ತಾನೇ ತಪ್ಪಲ್ಲದಿದ್ದರೂ ಒಳಗೆ ಏನೋ ಕೆಟ್ಟಿದೆಯೆಂಬ ಸೂಚನೆಯಾಗಿರುತ್ತದೆ.

ಸೂಚನೆ ಸಿಕ್ಕಿದೊಡನೆ ಕತ್ತರಿ ಹಿಡಿಯುವುದು ಮಾತ್ರ ಅಪಾಯಕಾರಿ. ಕೆಲಸ ಬದಲಾಗಿಲ್ಲವೆಂದು ಹೇಳುವುದು ಸುಲಭ, ತೋರಿಸುವುದು ಕಷ್ಟ. ಅದಕ್ಕಾಗಿ ಮೊದಲು ಪರೀಕ್ಷೆಗಳನ್ನು ಬರೆದುಕೊಳ್ಳಬೇಕು. ಪೂರ್ಣ ದರದ ಟಿಕೆಟ್ಟಿಗೆ 651, ಹಿರಿಯರ ಟಿಕೆಟ್ಟಿಗೆ 493.50, ಹಬ್ಬದ ದಿನಕ್ಕೆ ಇಷ್ಟು, ಮಕ್ಕಳಿಗೆ ಇಷ್ಟು, ಆಸನವೇ ಇಲ್ಲದಾಗ ಇಂಥ ಉತ್ತರ ಎಂದು ಈಗಿನ ಪ್ರೋಗ್ರಾಂ ಕೊಡುತ್ತಿರುವ ಫಲಿತಾಂಶಗಳನ್ನು ದಾಖಲಿಸಿ, ಗುಂಡಿಯೊತ್ತಿದೊಡನೆ ಕಂಪ್ಯೂಟರೇ ಅವೆಲ್ಲವನ್ನೂ ಹೋಲಿಸಿ ನೋಡುವಂತೆ ಮಾಡಬೇಕು. ಈಗಿನ ಫಲಿತಾಂಶವೇ ತಪ್ಪಾಗಿದ್ದರೆ? ಅದನ್ನೂ ಇದ್ದಂತೆಯೇ ದಾಖಲಿಸಬೇಕೆಂಬುದು ಬಲ್ಲವರ ಮತ. ತಪ್ಪನ್ನು ತಿದ್ದುವುದು ಬೇರೆ ಕೆಲಸ, ರಚನೆಯನ್ನು ತಿದ್ದುವುದು ಬೇರೆ ಕೆಲಸ; ಎರಡನ್ನೂ ಒಟ್ಟಿಗೆ ಮಾಡಿದರೆ, ಉತ್ತರ ಬದಲಾದಾಗ ಕಾರಣ ಯಾವುದೆಂದು ಹೇಳಲಾಗುವುದಿಲ್ಲ.

ಪರೀಕ್ಷೆಯಿಲ್ಲದೆ ಸಾಲುಗಳನ್ನು ಸ್ಥಳಾಂತರಿಸುವುದರ ಫಲ ಎಷ್ಟು ಭೀಕರವಾಗಿರಬಹುದು ಎಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರ ಸಂಸ್ಥೆಯ ಪ್ರಕರಣ ಪ್ರಸಿದ್ಧವಾಗಿದೆ. ಆ ಸಂಸ್ಥೆಯ ಪ್ರೋಗ್ರಾಂನಲ್ಲಿ 'ಪವರ್ ಪೆಗ್' ಎಂಬ ಒಂದು ಭಾಗವಿತ್ತು. ಗ್ರಾಹಕನು ಕೇಳಿದಷ್ಟು ಷೇರುಗಳ ವ್ಯವಹಾರ ಪೂರೈಸಿತೇ ಎಂದು ಎಣಿಸಿ, ಪೂರೈಸಿದೊಡನೆ ನಿಲ್ಲಿಸುವ ಏರ್ಪಾಡು ಅದರಲ್ಲಿತ್ತು. 2003ರಲ್ಲಿ ಅದರ ಬಳಕೆ ನಿಂತಿತು. ಆದರೆ ಸಾಲುಗಳು ಅಳಿಸಲ್ಪಡದೆ ಉಳಿದುವು. 2005ರಲ್ಲಿ ಎಣಿಸುವ ಭಾಗವನ್ನು ಅಲ್ಲಿಂದ ತೆಗೆದು ಪ್ರೋಗ್ರಾಂನ ಮುಂಚಿನ ಹಂತವೊಂದಕ್ಕೆ ಸಾಗಿಸಲಾಯಿತು. ಆಮೇಲೂ ಪವರ್ ಪೆಗ್ ಸರಿಯಾಗಿ ನಡೆಯುವುದೇ ಎಂದು ಯಾರೂ ಪರೀಕ್ಷಿಸಲಿಲ್ಲ. ಬಳಕೆಯಲ್ಲೇ ಇಲ್ಲದ್ದನ್ನು ಪರೀಕ್ಷಿಸುವುದೇಕೆ ಎಂದು ತೋರಿದ್ದರೆ ಆಶ್ಚರ್ಯವಿಲ್ಲ. ಏಳು ವರ್ಷಗಳಾದಮೇಲೆ, ಒಂದು ಕಾಲಕ್ಕೆ ಪವರ್ ಪೆಗ್ ಅನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ಸೌಲಭ್ಯವೊಂದಕ್ಕೆ ಉಪಯೋಗಿಸಲಾಯಿತು. ಎಂಟು ಸರ್ವರುಗಳ ಪೈಕಿ ಏಳಕ್ಕೆ ಮಾತ್ರ ಹೊಸ ಪ್ರೋಗ್ರಾಂ ತಲುಪಿತು. ಒಂದರಲ್ಲಿ ಹಳೆಯದೇ ಉಳಿಯಿತು. 2012ರ ಆಗಸ್ಟ್ 1ರ ಬೆಳಗ್ಗೆ ಮಾರುಕಟ್ಟೆ ತೆರೆದಾಗ ಆ ಒಂದು ಸರ್ವರಿನಲ್ಲಿ ಪವರ್ ಪೆಗ್ ಎಚ್ಚೆತ್ತಿತು. ಎಣಿಸುವ ಭಾಗ ಅದರ ಸಂಪರ್ಕ ತಪ್ಪಿದ್ದುದರಿಂದ ನಿಲ್ಲಿಸಬೇಕಾದುದು ಯಾವಾಗ ಎಂಬುದು ಅದಕ್ಕೆ ತಿಳಿಯಲಿಲ್ಲ. 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷ ವ್ಯವಹಾರಗಳು ನಡೆದುಹೋದುವು. ನಷ್ಟವು 46 ಕೋಟಿ ಡಾಲರುಗಳನ್ನು ಮೀರಿತೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗವು 2013ರಲ್ಲಿ ಹೊರಡಿಸಿದ ಆದೇಶದಲ್ಲಿ ನಮೂದಿಸಿದೆ. ಅದೇ ವರ್ಷ ಆ ಸಂಸ್ಥೆಯು ಇನ್ನೊಂದರೊಡನೆ ವಿಲೀನವಾಯಿತು. ಈ ಅನಾಹುತಕ್ಕೆ ಕಾರಣಗಳು ಹಲವು. ಪರೀಕ್ಷೆಯಿಲ್ಲದೆ ಸರಿಸಿದ ಆ ತುಣುಕು ಅವುಗಳಲ್ಲೊಂದು.

ಪರೀಕ್ಷೆಗಳ ಬೇಲಿ ಕಟ್ಟಿದ ಮೇಲೆ 'ಕಾಯ್ದಿರಿಸು' ಮೆಥಡ್‌ನ ಬಳಿಗೆ ಹಿಂದಿರುಗಬಹುದು. ಮುನ್ನೂರು ಸಾಲುಗಳನ್ನು ಒಂದೇ ರಾತ್ರಿಯಲ್ಲಿ ಹೊಸದಾಗಿ ಬರೆದುಬಿಡುವ ಉತ್ಸಾಹವನ್ನು ಇಲ್ಲಿ ಹತ್ತಿಕ್ಕಬೇಕಾಗುತ್ತದೆ. ಮೊದಲು ಮೆಥಡ್ ಅನ್ನು ಆದಿಯಿಂದ ಅಂತ್ಯದವರೆಗೆ ಓದಿ, ಒಂದು ಕೆಲಸ ಮುಗಿದು ಇನ್ನೊಂದು ಮೊದಲಾಗುವ ಸ್ಥಳಗಳನ್ನು ಗುರುತಿಸಬೇಕು. ಅನೇಕ ವೇಳೆ ಹಿಂದಿನವರೇ ಅಲ್ಲಿ 'ಇಲ್ಲಿಂದ ರಿಯಾಯಿತಿಯ ಲೆಕ್ಕ' ಎಂಬಂಥ ಟಿಪ್ಪಣಿ ಬರೆದಿರುತ್ತಾರೆ. ಆ ಟಿಪ್ಪಣಿಯು ಹೊಸ ಮೆಥಡ್ ಒಂದಕ್ಕೆ ಹೆಸರಾಗಲು ಕಾದು ಕುಳಿತಿರುತ್ತದೆ. ಅಂಥ ಒಂದು ತುಣುಕನ್ನು ಆರಿಸಿಕೊಂಡಮೇಲೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಈ ತುಣುಕಿಗೆ ಹೊರಗಿನಿಂದ ಏನು ಬೇಕು? ಇದು ಹೊರಗೆ ಏನನ್ನು ಕೊಡುತ್ತದೆ? ರಿಯಾಯಿತಿಯ ಲೆಕ್ಕಕ್ಕೆ ಬೇಕಾದುದು ಮೂಲ ದರ ಮತ್ತು ಪ್ರಯಾಣಿಕನ ವಯಸ್ಸು; ಅದು ಕೊಡುವುದು ರಿಯಾಯಿತಿ ಕಳೆದ ದರ. ಬೇಕಾದುದನ್ನು ಆವರಣದಲ್ಲಿ ಕೊಟ್ಟು, ಕೊಡುವುದನ್ನು ಮರಳಿ ಪಡೆಯುವಂತೆ ಆ ಸಾಲುಗಳನ್ನು ಬೇರೆ ಮೆಥಡ್‌ಗೆ ಸಾಗಿಸಿ, ಹಳೆಯ ಜಾಗದಲ್ಲಿ ಹೆಸರನ್ನು ಮಾತ್ರ ಬಿಡಬೇಕು. ಒಡನೆಯೇ ಪರೀಕ್ಷೆಗಳನ್ನೆಲ್ಲ ನಡೆಸಬೇಕು. 493.50 ಬಂದಿತೇ? ಬಂದಿದ್ದರೆ ಆ ಸ್ಥಿತಿಯನ್ನು ಭದ್ರಪಡಿಸಿ ಮುಂದಿನ ತುಣುಕಿಗೆ ಹೋಗಬೇಕು. ಬಾರದಿದ್ದರೆ ಹುಡುಕಬೇಕಾದ ತಪ್ಪು ಈಗತಾನೆ ಮುಟ್ಟಿದ ಹತ್ತು ಸಾಲುಗಳಲ್ಲಿದೆ, ಮುನ್ನೂರರಲ್ಲಲ್ಲ.

ಎಲ್ಲ ತುಣುಕುಗಳೂ ಇಷ್ಟು ಸಲೀಸಾಗಿ ಬಿಡಿಸಿಕೊಂಡು ಬರುವುದಿಲ್ಲ. 'ಮೊತ್ತ' ಎಂಬ ಹೆಸರು ಮೂರು ಅರ್ಥಗಳನ್ನು ಹೊತ್ತಿರುವವರೆಗೆ ಕತ್ತರಿ ಎಲ್ಲಿ ಹಾಕಿದರೂ ಯಾವುದೋ ನರ ಕತ್ತರಿಸಿದಂತಾಗುತ್ತದೆ. ಆದುದರಿಂದ ಮೊದಲು ಅದನ್ನೇ 'ಮೂಲದರ', 'ರಿಯಾಯಿತಿಯ ದರ', 'ಒಟ್ಟು ಹಣ' ಎಂದು ಮೂರಾಗಿ ಒಡೆಯಬೇಕು. ಹೀಗೆ ಒಡೆದ ಕ್ಷಣದಲ್ಲಿಯೇ, ಶುಲ್ಕವನ್ನು ಮೂಲದರಕ್ಕೆ ಸೇರಿಸುವುದೇ ರಿಯಾಯಿತಿಯ ದರಕ್ಕೆ ಸೇರಿಸುವುದೇ ಎಂಬ ಪ್ರಶ್ನೆ ಕಣ್ಣಿಗೆ ಹೊಡೆದು ಕಾಣುತ್ತದೆ. ಹಿಂದೆ ಮರೆಯಲ್ಲಿದ್ದ ತಪ್ಪಿಗೆ ಈಗ ಅಡಗಲು ಸ್ಥಳವಿಲ್ಲ. ಟಿಕೆಟ್ ರದ್ದಾದಾಗ ಹಣ ಮರಳಿಸುವ ಮೆಥಡ್‌ನಲ್ಲಿ ಇದೇ ಲೆಕ್ಕದ ನಕಲೊಂದು ಇರುವುದೂ ಸಾಮಾನ್ಯವಾಗಿ ಇಂಥ ಸಮಯದಲ್ಲಿಯೇ ಬಯಲಾಗುವುದು. ಇನ್ನು ಮುಂದೆ ಎರಡೂ ಕಡೆಗಳಿಂದ ಒಂದೇ ಮೆಥಡ್ ಅನ್ನು ಕರೆಯಬಹುದು.

ಕೆಲವು ದಿನಗಳ ತಾಳ್ಮೆಯ ದುಡಿಮೆಯ ಬಳಿಕ 'ಕಾಯ್ದಿರಿಸು' ಎಂಬುದು ಆರು ಸಾಲುಗಳಿಗೆ ಇಳಿಯುತ್ತದೆ. ಕೋರಿಕೆಯನ್ನು ಪರಿಶೀಲಿಸು, ಆಸನವನ್ನು ತಡೆದಿಡು, ಒಟ್ಟು ಹಣವನ್ನು ಲೆಕ್ಕಿಸು, ಹಣವನ್ನು ಪಡೆ, ಪ್ರಯಾಣಿಕನಿಗೆ ಸಂದೇಶ ಕಳುಹಿಸು, ಟಿಕೆಟ್ಟನ್ನು ದಾಖಲಿಸು. ಭಿನ್ನರಾಶಿಯ ಪಾಠದಂತೆ ಇದನ್ನು ಯಾರು ಬೇಕಾದರೂ ಓದಬಹುದು. ಓದಿದವರಿಗೆ ಒಂದು ಸಂದೇಹವೂ ಮೂಡಬೇಕು. ಸಂದೇಶ ಕಳುಹಿಸುವಲ್ಲಿ ತೊಡಕುಂಟಾಗಿ ಮೆಥಡ್ ನಡುವೆಯೇ ನಿಂತುಹೋದರೆ, ಹಣ ಹೋಗಿರುತ್ತದೆ, ಟಿಕೆಟ್ ದಾಖಲಾಗಿರುವುದಿಲ್ಲ. ಆ ಪ್ರಯಾಣಿಕನು ರಾತ್ರಿ ಬಸ್ ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ನಿಂತು ಏನು ಮಾಡಬೇಕು? ಈ ಕ್ರಮವು ಮುನ್ನೂರು ಸಾಲುಗಳಿದ್ದಾಗಲೂ ಹೀಗೆಯೇ ಇತ್ತು, ಯಾರಿಗೂ ಕಂಡಿರಲಿಲ್ಲ. ಕೊನೆಯ ಎರಡು ಸಾಲುಗಳನ್ನು ಅದಲುಬದಲು ಮಾಡುವುದು ಅವಶ್ಯವಾದರೂ ಅದು ರಿಫ್ಯಾಕ್ಟರಿಂಗ್ ಅಲ್ಲ, ಕೆಲಸದ ಬದಲಾವಣೆ. ಅದನ್ನು ಹೊಸ ಪರೀಕ್ಷೆಯೊಡನೆ, ಪ್ರತ್ಯೇಕವಾಗಿ ಮಾಡುವುದು ಕ್ರಮ.

ಬಿಡಿಬಿಡಿಯಾಗಿಸುವುದರಿಂದ ಪರೀಕ್ಷೆಯ ಭಾರವೂ ಇಳಿಯುತ್ತದೆ. ಒಂದು ಮೆಥಡ್‌ನಲ್ಲಿ ಒಂದರ ನಂತರ ಒಂದರಂತೆ ಹತ್ತು 'ಹೀಗಾದರೆ'ಗಳಿದ್ದರೆ ಅದರಲ್ಲಿ ಸಾಗಬಹುದಾದ ದಾರಿಗಳು ಎರಡರ ಹತ್ತನೆಯ ಘಾತ, ಎಂದರೆ 1,024. ಒಂದನ್ನೊಂದು ಅವಲಂಬಿಸದ ಎರಡು ಮೆಥಡ್‌ಗಳಲ್ಲಿ ಅವು ಐದೈದಾಗಿ ಹಂಚಿಹೋದರೆ ಪ್ರತಿಯೊಂದರಲ್ಲಿ 32, ಒಟ್ಟು 64 ದಾರಿಗಳನ್ನು ನೋಡಿದರೆ ಸಾಕು. ಥಾಮಸ್ ಮೆಕೇಬ್ ಎಂಬುವರು 1976ರಲ್ಲಿಯೇ ಪ್ರೋಗ್ರಾಂನ ಕವಲುಗಳನ್ನೆಣಿಸಿ ಅದರ ಜಟಿಲತೆಯನ್ನು ಅಳೆಯುವ ಕ್ರಮವೊಂದನ್ನು ಸೂಚಿಸಿದರು. ಅವರ ಅಳತೆಯಲ್ಲಿ ಕವಲುಗಳ ಸಂಖ್ಯೆಗೆ ಒಂದನ್ನು ಸೇರಿಸಬೇಕು. ಬಂದ ಸಂಖ್ಯೆ ಹತ್ತನ್ನು ಮೀರದಿರುವುದು ಲೇಸೆಂದು ಅವರ ಅಭಿಪ್ರಾಯ.

ಅತಿಯಾದರೆ ಇದೂ ದೋಷವೇ. ಮುನ್ನೂರು ಸಾಲುಗಳನ್ನು ನೂರು ಚೂರುಗಳಾಗಿ ಒಡೆದು, 'ಭಾಗ ಒಂದು', 'ಭಾಗ ಎರಡು' ಎಂದು ಹೆಸರಿಟ್ಟರೆ ಓದುವವನು ಒಂದು ಚೂರಿನಿಂದ ಇನ್ನೊಂದಕ್ಕೆ ಅಲೆದು ಬಳಲುತ್ತಾನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಔಸ್ಟರ್‌ಹೌಟ್ ಅವರು 2018ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೆಥಡ್ ಉದ್ದವಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಒಡೆಯುವುದು ಸಲ್ಲದೆಂದು ವಾದಿಸಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸಾಲುಗಳನ್ನೆಣಿಸಿ ತೀರ್ಮಾನಿಸುವುದಕ್ಕಿಂತ ತುಣುಕಿಗೆ ಒಂದು ಹೆಸರಿಟ್ಟು ನೋಡುವುದು ಒಳ್ಳೆಯ ಒರೆಗಲ್ಲು. 'ರಿಯಾಯಿತಿ ಕಳೆ' ಎಂಬ ಹೆಸರು ತಾನಾಗಿಯೇ ಹೊಳೆದರೆ ಅದು ಒಂದು ಕೆಲಸ. 'ದರವನ್ನು ಲೆಕ್ಕಿಸಿ ಸಂದೇಶವನ್ನೂ ಕಳುಹಿಸು' ಎಂದು ಹೇಳಬೇಕಾಗಿ ಬಂದರೆ ಅವು ಎರಡು. ಯಾವ ಹೆಸರೂ ಹೊಳೆಯದಿದ್ದರೆ ಕತ್ತರಿಯನ್ನು ತಪ್ಪು ಸ್ಥಳದಲ್ಲಿ ಇಟ್ಟಿರುವ ಸಂಭವವೇ ಹೆಚ್ಚು.

ಇಷ್ಟೆಲ್ಲ ಶ್ರಮಪಟ್ಟರೂ ಪ್ರಯಾಣಿಕನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅದೇ ಪುಟ, ಅದೇ ಗುಂಡಿ, ಅದೇ ದರ. ಈ ಕೆಲಸಕ್ಕೆ ಸಮಯವನ್ನು ಕೇಳಿದ ಪ್ರೋಗ್ರಾಮರನು ತನ್ನ ಮೇಲಧಿಕಾರಿಗಳನ್ನು ಒಪ್ಪಿಸಲು ಪರದಾಡುವುದು ಇದರಿಂದಲೇ. ಬೆಲೆ ತಿಳಿಯುವುದು ಮುಂದಿನ ಬದಲಾವಣೆಯ ಆದೇಶ ಬಂದಾಗ. ಹಿರಿಯರ ರಿಯಾಯಿತಿಯನ್ನು ಶೇಕಡ 25ರಿಂದ 30ಕ್ಕೆ ಏರಿಸಬೇಕೆಂದು ಒಂದು ಸಂಜೆ ಸುತ್ತೋಲೆ ಬರುತ್ತದೆಂದು ಇಟ್ಟುಕೊಳ್ಳಬಹುದು. ಪ್ರೋಗ್ರಾಮರನು ಪರೀಕ್ಷೆಗಳ ಪಟ್ಟಿಯನ್ನು ತೆರೆದು, 493.50 ಎಂದಿದ್ದೆಡೆ 462 ಎಂದು ಬರೆಯುತ್ತಾನೆ: 420, ಶುಲ್ಕ ಸೇರಿ 440, ತೆರಿಗೆ 22. ಪರೀಕ್ಷೆಯನ್ನು ನಡೆಸಿದಾಗ ಅದು ಸೋಲುತ್ತದೆ; ಪ್ರೋಗ್ರಾಂ ಇನ್ನೂ ಹಳೆಯದಾದ್ದರಿಂದ ಸೋಲಲೇಬೇಕು. ಅನಂತರ 'ರಿಯಾಯಿತಿ ಕಳೆ' ಎಂಬ ಮೆಥಡ್‌ಗೆ ಹೋಗಿ ಒಂದು ಸಂಖ್ಯೆಯನ್ನು ತಿದ್ದಿ, ಮತ್ತೆ ಪರೀಕ್ಷೆಗಳನ್ನು ನಡೆಸುತ್ತಾನೆ. ಹಿರಿಯರ ಟಿಕೆಟ್ಟಿಗೆ 462 ಬರುತ್ತದೆ. ಪೂರ್ಣ ದರದ ಟಿಕೆಟ್ 651ರಲ್ಲಿಯೇ ನಿಂತಿರುತ್ತದೆ.